ಮಾಸ್ಕ್ ಕಳಚಿದ ಸೋಮವಾರ

2022ರ ಫೆಬ್ರವರಿ 28, ಸೋಮವಾರ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಮಕ್ಕಳು ಒಂದು ವಾರದ ಚಳಿಗಾಲದ ರಜೆ ಮುಗಿಸಿ ಶಾಲೆಗೆ ಮರಳಿದ ದಿನ. ಶಾಲೆಯೊಳಗೆ ಎಲ್ಲರೂ ಮಾಸ್ಕ್ ಹಾಕಲೇಬೇಕೆಂಬ ರಾಜ್ಯದ ಆದೇಶ ಅಂದಿಗೆ ರದ್ದಾಯಿತು. ಮುಂದಿನದು ಆಯಾ ಊರಿನವರ ತೀರ್ಮಾನ. ಅಲ್ಲಿ ಶಾಲಾ ಜಿಲ್ಲೆ ಎಂದರೆ ಇಲ್ಲಿನ ಜಿಲ್ಲೆಯಷ್ಟು ದೊಡ್ಡದಲ್ಲ, ಎಷ್ಟೋ ಸಲ ಒಂದೇ ಊರಿನ ಶಾಲೆಗಳು. ಬಾಸ್ಟನ್ ಮತ್ತು ಸುತ್ತಲಿನ ಅಂಥ 72 ಜಿಲ್ಲೆಗಳ ಪೈಕಿ 46 ಮೊದಲ ವಾರದಲ್ಲೇ ನಿಯಮ ಕೈಬಿಟ್ಟವು. ಎರಡನೆಯ ವಾರ 17, ಮೂರನೆಯ ವಾರ 7. ಕೊನೆಗೆ ಉಳಿದದ್ದು ಎರಡೇ: ಬಾಸ್ಟನ್ ನಗರ, ಮತ್ತು ಅದರ ಮಗ್ಗುಲಲ್ಲಿರುವ ಚೆಲ್ಸೀ.

ಚೆಲ್ಸೀ ಬಹುಪಾಲು ದುಡಿಯುವವರ ಊರು. ಮಧ್ಯ ಅಮೆರಿಕದಿಂದ ವಲಸೆ ಬಂದವರು ಹೆಚ್ಚು. 2020ರ ವಸಂತದಲ್ಲಿ ಇಡೀ ರಾಜ್ಯದಲ್ಲಿ ಕೋವಿಡ್ ಅತಿ ಹೆಚ್ಚು ಕಾಡಿದ್ದು ಈ ಊರನ್ನೇ. ಬಾಸ್ಟನ್ನಿನ ಸರ್ಕಾರಿ ಶಾಲಾ ಕಟ್ಟಡಗಳಲ್ಲಿ ಹೆಚ್ಚಿನವು ಎರಡನೆಯ ಮಹಾಯುದ್ಧಕ್ಕೂ ಮೊದಲಿನವು. ಎಷ್ಟೋ ಕಡೆ ಗಾಳಿ ಬರಬೇಕೆಂದರೆ ಕಿಟಕಿ ತೆರೆಯುವುದೊಂದೇ ದಾರಿ, ಅದೂ ಹಿಮ ಬೀಳುವ ಊರಿನಲ್ಲಿ. ಈ ಎರಡು ಊರುಗಳು ಮಾಸ್ಕ್ ಬಿಡಲು ಹಿಂಜರಿದದ್ದಕ್ಕೆ ಹೆದರಿಕೆಯೆಂದು ಹೆಸರಿಟ್ಟರೆ ಈ ಸಂಗತಿಗಳನ್ನು ಮರೆತಂತೆ.

ತರಗತಿಯಲ್ಲಿ ಮಾಸ್ಕ್ ಯಾವಾಗ ಬೇಕು ಎಂಬ ಪ್ರಶ್ನೆಗೆ ಹಳೆಯ ಉತ್ತರವೇನೂ ಇರಲಿಲ್ಲ. 1918ರ ಇನ್‌ಫ್ಲುಯೆಂಜಾ ಕಾಲದಲ್ಲಿ ಮಾಸ್ಕ್ ಆದೇಶಕ್ಕೆ ಹೆಸರಾದ ಸ್ಯಾನ್ ಫ್ರಾನ್ಸಿಸ್ಕೊ ನಗರವು ಅಕ್ಟೋಬರಿನಲ್ಲಿ ಮೊದಲು ಶಾಲೆಗಳನ್ನು ಮುಚ್ಚಿತು, ಆಮೇಲೆ ಬೀದಿಯಲ್ಲಿ ಮಾಸ್ಕ್ ಕಡ್ಡಾಯ ಮಾಡಿತು. ನವೆಂಬರ್ 21ರ ಮಧ್ಯಾಹ್ನ 12 ಗಂಟೆಗೆ ಜನ ಮಾಸ್ಕ್ ಕಿತ್ತೆಸೆದರು. ಶಾಲೆಗಳು ತೆರೆದದ್ದು ಅದಾದ ಮೇಲೆ. ಶಾಲೆ ತೆರೆದೇ ಇಟ್ಟುಕೊಂಡ ನ್ಯೂಯಾರ್ಕ್, ಶಿಕಾಗೊ ನಗರಗಳು ನೆಚ್ಚಿಕೊಂಡಿದ್ದು ಮಾಸ್ಕನ್ನಲ್ಲ. ಮಕ್ಕಳನ್ನು ದಿನವೂ ಪರೀಕ್ಷಿಸುವ ವೈದ್ಯರು ಮತ್ತು ದಾದಿಯರನ್ನು. ಶಾಲೆಯೂ ನಡೆಯಬೇಕು, ಮುಖವೂ ಮುಚ್ಚಿರಬೇಕು ಎಂಬ ಜೋಡಿ ಏರ್ಪಾಟು ಇಷ್ಟು ದೊಡ್ಡ ಪ್ರಮಾಣದಲ್ಲಿ ಬಂದದ್ದು ಈ ಶತಮಾನದಲ್ಲೇ.

ಮ್ಯಾಸಚೂಸೆಟ್ಸ್ ಅದನ್ನು ಹೇಗೆ ನಿರ್ಧರಿಸಿತು? 2021ರ ಆಗಸ್ಟ್ ಕೊನೆಯಲ್ಲಿ ಡೆಲ್ಟಾ ಏರುತ್ತಿತ್ತು. 12 ವರ್ಷದೊಳಗಿನವರಿಗೆ ಲಸಿಕೆಯೇ ಇರಲಿಲ್ಲ. ಆಗಸ್ಟ್ 24ರಂದು ರಾಜ್ಯದ ಶಿಕ್ಷಣ ಮಂಡಳಿಯು ಶಿಕ್ಷಣ ಆಯುಕ್ತ ಜೆಫ್ರಿ ರೈಲಿ ಅವರಿಗೆ ಅಧಿಕಾರ ಕೊಟ್ಟಿತು. ಅಕ್ಟೋಬರ್ 1ರವರೆಗೆ ಮಾಸ್ಕ್ ಕಡ್ಡಾಯವಾಯಿತು. ಆ ಗಡುವು ನವೆಂಬರ್ 1ಕ್ಕೆ ಸರಿಯಿತು, ಆಮೇಲೆ ಜನವರಿ 15ಕ್ಕೆ, ಕೊನೆಗೆ ಫೆಬ್ರವರಿ 28ಕ್ಕೆ. ನಡುವೆ ಒಂದು ವಿನಾಯಿತಿಯೂ ಇತ್ತು: ಶಾಲೆಯ ಮಕ್ಕಳು, ಸಿಬ್ಬಂದಿ ಸೇರಿ ಶೇ. 80ರಷ್ಟು ಮಂದಿ ಲಸಿಕೆ ಪಡೆದಿದ್ದರೆ ಲಸಿಕೆ ಪಡೆದವರು ಮಾಸ್ಕ್ ತೆಗೆಯಬಹುದು. ಹಾಪ್‌ಕಿಂಟನ್ ಎಂಬ ಅನುಕೂಲಸ್ಥರ ಊರಿನ ಹೈಸ್ಕೂಲು ಮೊದಲು ಈ ಗೆರೆ ದಾಟಿತು. ಗೆರೆ ಎಲ್ಲರಿಗೂ ಒಂದೇ. ಆದರೆ ಅದನ್ನು ಮುಟ್ಟುವ ಶಕ್ತಿ ಎಲ್ಲ ಊರಿಗೂ ಒಂದೇ ಇರಲಿಲ್ಲ.

ಜನವರಿಯಲ್ಲಿ ಓಮಿಕ್ರಾನ್ ಉಕ್ಕಿ ಇಳಿಯಿತು. ಫೆಬ್ರವರಿ 9ರಂದು ಗವರ್ನರ್ ಚಾರ್ಲಿ ಬೇಕರ್ ಆದೇಶ ಮುಗಿಯಲಿದೆ ಎಂದು ಸಾರಿದರು. ನ್ಯೂಜೆರ್ಸಿಯೂ ಅದೇ ವಾರ ಅದೇ ಹಾದಿ ಹಿಡಿದಿತ್ತು. ಎಲ್ಲ ಶಾಲೆಗಳಲ್ಲೂ ಮಾಸ್ಕ್ ಬೇಕು ಎನ್ನುತ್ತಿದ್ದ ಕೇಂದ್ರ ಸಂಸ್ಥೆ ಸಿಡಿಸಿ ತನ್ನ ಮಾತು ಬದಲಿಸಿದ್ದು ಫೆಬ್ರವರಿ 25ಕ್ಕೆ. ವಿಜ್ಞಾನ ಮುಂದೆ, ಆಡಳಿತ ಹಿಂದೆ ಎಂದು ಎರಡು ವರ್ಷ ಕೇಳಿದ್ದ ಜನರಿಗೆ ಈ ಅನುಕ್ರಮ ಕಾಣದೇ ಹೋಗಲಿಲ್ಲ.

ಊರುಗಳು ಬೇರೆ ಬೇರೆ ವಾರದಲ್ಲಿ ನಿಯಮ ಬಿಟ್ಟದ್ದರಿಂದ ಸಂಶೋಧಕರಿಗೆ ತಾನಾಗಿಯೇ ಒಂದು ಪ್ರಯೋಗ ಒದಗಿತು. 2022ರ ನವೆಂಬರಿನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ 15 ವಾರಗಳಲ್ಲಿ ನಿಯಮ ಬಿಟ್ಟ ಜಿಲ್ಲೆಗಳಲ್ಲಿ ಪ್ರತಿ 1000 ಮಕ್ಕಳು ಮತ್ತು ಸಿಬ್ಬಂದಿಗೆ ಸುಮಾರು 45 ಹೆಚ್ಚುವರಿ ಪ್ರಕರಣ; ಒಟ್ಟು 11,901 ಎಂಬ ಅಂದಾಜು. ಹೆಚ್ಚು ಕಾಲ ಮಾಸ್ಕ್ ಉಳಿಸಿಕೊಂಡ ಜಿಲ್ಲೆಗಳಲ್ಲಿ ಕಟ್ಟಡಗಳು ಹಳೆಯವು, ತರಗತಿಗಳು ಕಿಕ್ಕಿರಿದವು, ಬಡ ಮಕ್ಕಳು ಹೆಚ್ಚು ಎಂಬುದನ್ನೂ ಅದು ಗುರುತಿಸಿತು. ಒಪ್ಪದವರೂ ಇದ್ದರು. ಮಾಸ್ಕ್ ಬಿಟ್ಟ ಊರು, ಬಿಡದ ಊರು ಪರೀಕ್ಷೆಯಲ್ಲಿ, ಹಿಂದೆ ತಗುಲಿದ ಸೋಂಕಿನಲ್ಲಿ, ನಡವಳಿಕೆಯಲ್ಲಿ ಬೇರೆಯೇ ಆಗಿದ್ದರೆ ವ್ಯತ್ಯಾಸವನ್ನೆಲ್ಲ ಮಾಸ್ಕಿನ ಲೆಕ್ಕಕ್ಕೆ ಬರೆಯುವುದು ಹೇಗೆ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ.

ಸ್ಪೇನಿನ ಕ್ಯಾಟಲೋನಿಯಾದಿಂದ ಬಂದದ್ದು ಬೇರೆ ಕತೆ. ಅಲ್ಲಿ ಆರು ವರ್ಷದಿಂದ, ಅಂದರೆ ಒಂದನೇ ತರಗತಿಯಿಂದ ಮಾಸ್ಕ್ ಕಡ್ಡಾಯ. ಅದಕ್ಕಿಂತ ಚಿಕ್ಕವರಿಗೆ ಇಲ್ಲ. 2021ರ ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ ಸುಮಾರು 6 ಲಕ್ಷ ಮಕ್ಕಳ ದಾಖಲೆ ನೋಡಿದವರಿಗೆ, ಗೆರೆಯ ಈಚೆಯ ಐದರ ಮಕ್ಕಳಿಗೂ ಆಚೆಯ ಆರರ ಮಕ್ಕಳಿಗೂ ಸೋಂಕಿನಲ್ಲಿ ಗಮನಾರ್ಹ ಅಂತರ ಕಾಣಲಿಲ್ಲ. ವಯಸ್ಸು ಏರಿದಂತೆ ಸೋಂಕು ಏರಿತ್ತು, ಅಷ್ಟೇ. ಆರು ವರ್ಷದವರ ಮಾಸ್ಕ್ ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲಿರುತ್ತದೆಂದು ಬಲ್ಲ ಯಾವ ಟೀಚರಿಗೂ ಇದು ಆಶ್ಚರ್ಯವಾಗಿರಲಾರದು. ಹಾಗೆಂದು ಇದು ಬಾಸ್ಟನ್ನಿನ ಹೈಸ್ಕೂಲಿಗೆ ಉತ್ತರವಲ್ಲ.

ವಯಸ್ಸಿನ ಗೆರೆ ಎಲ್ಲ ಕಡೆಯೂ ಒಂದೇ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2020ರ ಆಗಸ್ಟಿನಲ್ಲೇ ಹೇಳಿದ್ದವು: ಐದರವರೆಗೆ ಬೇಡ, ಆರರಿಂದ ಹನ್ನೊಂದರವರೆಗೆ ಸ್ಥಳದ ಪರಿಸ್ಥಿತಿ ಮತ್ತು ಮಗುವಿನ ಶಕ್ತಿ ನೋಡಿ, ಹನ್ನೆರಡು ದಾಟಿದವರಿಗೆ ದೊಡ್ಡವರಂತೆ. ಭಾರತದ ಮಾರ್ಗಸೂಚಿಯೂ ಹೆಚ್ಚುಕಡಿಮೆ ಇದನ್ನೇ ಅನುಸರಿಸಿತು. ಅಮೆರಿಕದ ಸಿಡಿಸಿ ಮಾತ್ರ ಎರಡು ವರ್ಷ ತುಂಬಿದವರಿಂದಲೇ ಮಾಸ್ಕ್ ಎನ್ನುತ್ತಿತ್ತು.

ಬಾಸ್ಟನ್, ಚೆಲ್ಸೀ ಜೂನ್‌ವರೆಗೂ ನಿಯಮ ಉಳಿಸಿಕೊಂಡವು. ಅಷ್ಟರಲ್ಲಿ ಶಾಲಾ ವರ್ಷವೇ ಮುಗಿಯುತ್ತ ಬಂದಿತ್ತು. ಅದೇ ವರ್ಷದ ಡಿಸೆಂಬರ್ 26ರಂದು, ಚೀನಾದಲ್ಲಿ ಸೋಂಕು ಉಕ್ಕಿದ ಸುದ್ದಿಯ ನಡುವೆ, ಕರ್ನಾಟಕ ಸರ್ಕಾರ ಶಾಲೆ, ಕಾಲೇಜು, ಚಿತ್ರಮಂದಿರಗಳಲ್ಲಿ ಮಾಸ್ಕ್ ಮತ್ತೆ ಕಡ್ಡಾಯವೆಂದು ಘೋಷಿಸಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಬಾಸ್ಟನ್ನಿನ ಶಾಲೆಗಳು, ರಜೆ ಮುಗಿಸಿ ಬರುವವರು ಜನವರಿಯ ಮೊದಲ ಕೆಲವು ದಿನ ಮಾಸ್ಕ್ ಹಾಕಿಕೊಂಡು ಬರಲಿ ಎಂದು ಕೇಳಿಕೊಂಡವು. ಹಾಕದವರನ್ನು ಮನೆಗೆ ಕಳಿಸುವುದಿಲ್ಲ ಎಂಬ ಮಾತನ್ನೂ ಜೊತೆಗೇ ಸೇರಿಸಿದ್ದವು.