ಗೊಬ್ಬರದ ಲೇಬಲ್ಲಿನಿಂದ ಮೈಸೂರಿನ ಶೆಡ್ಡಿಗೆ

ವೀಕ್ಷಕರೇ, 2025ರ ಜುಲೈ ಕೊನೆಯಲ್ಲಿ ಮುಂಬೈ ಪೊಲೀಸರು ಮೈಸೂರಿನ ರಿಂಗ್ ರಸ್ತೆ ಬಳಿಯ ಒಂದು ಶೆಡ್ಡಿಗೆ ನುಗ್ಗಿದ್ರು. ಒಳಗೆ ಸಿಕ್ಕಿದ್ದು ಎಂಡಿ, ಅಂದ್ರೆ ಮೆಫೆಡ್ರೋನ್. ಇಡೀ ಪ್ರಕರಣದ ಮಾಲು ಸುಮಾರು 390 ಕೋಟಿ ರೂಪಾಯಿಯದ್ದು ಅಂತ ಲೆಕ್ಕ ಕೊಟ್ಟರು. ಅರಮನೆ ಊರಲ್ಲಿ ಇಂಥದ್ದಾ ಅಂತ ಜನ ಮೂಗಿನ ಮೇಲೆ ಬೆರಳಿಟ್ಟರು.

ಸ್ವಲ್ಪ ಹಿಂದಕ್ಕೆ ಹೋಗೋಣ. ಮೈಸೂರು ಸಂಸ್ಥಾನದ ಕಾಲದಲ್ಲಿ ಗಾಂಜಾ, ಅಫೀಮು ಅಬಕಾರಿ ಇಲಾಖೆಯ ಲೈಸೆನ್ಸಿನ ಸರಕು. ಬೆಳೆಯೋಕೆ ಹೊಲ ಬೇಕು, ಕಾಲ ಬೇಕು. ಹೊಲ ಅಧಿಕಾರಿಯ ಕಣ್ಣಿಗೆ ಬೀಳುತ್ತೆ. ಮೆಫೆಡ್ರೋನ್‌ಗೆ ಹೊಲವೇ ಬೇಡ. ನಾಲ್ಕು ಗೋಡೆ, ಒಂದಿಷ್ಟು ರಾಸಾಯನಿಕ ಸಾಕು.

ಇದನ್ನ ಮೊದಲು ತಯಾರಿಸಿದ್ದು 1929ರಲ್ಲಿ. ಆಮೇಲೆ ದಶಕಗಳ ಕಾಲ ಯಾರೂ ಕೇಳಲಿಲ್ಲ. 2000ದ ನಂತರ ಯಾರೋ ಆ ಸೂತ್ರ ಹೊರತೆಗೆದು ಇಂಟರ್ನೆಟ್ಟಿಗೆ ಬಿಟ್ಟರು. ಬ್ರಿಟನ್ನಿನಲ್ಲಿ ಗಿಡದ ಗೊಬ್ಬರ ಅಂತ ಲೇಬಲ್ ಅಂಟಿಸಿ ಮಾರಿದ್ರು. ಅಲ್ಲಿ ನಿಷೇಧವಾಗಿದ್ದು 2010ರಲ್ಲಿ. ನಮ್ಮ ಮಾದಕವಸ್ತು ಕಾಯ್ದೆ 1985ರದ್ದು. ಅದರ ಪಟ್ಟಿಗೆ ಮೆಫೆಡ್ರೋನ್ ಸೇರಿದ್ದು 2015ರಲ್ಲಿ. ಪುಡಿ ಮುಂದೆ, ಕಾನೂನು ಹಿಂದೆ!

ಇದು ಮೆದುಳಿಗೆ ಮಾಡೋದೇನು? ಖುಷಿಗೆ, ಮನಸ್ಸಿನ ಸಮತೋಲನಕ್ಕೆ ಬೇಕಾದ ಡೋಪಮೈನ್, ಸೆರೊಟೋನಿನ್‌ಗಳನ್ನ ಒಮ್ಮೆಲೇ ಹೊರಗೆ ಸುರಿಸುತ್ತೆ. ಕೆಲವೇ ಗಂಟೆಗಳಲ್ಲಿ ಅಮಲು ಇಳಿದು ಮತ್ತೆ ಬೇಕು ಅನ್ನಿಸುತ್ತೆ. ಆಮೇಲೆ ನಿದ್ದೆ ಇಲ್ಲ, ವಿಪರೀತ ಅನುಮಾನ. ಕೆಲವರಿಗೆ ಇಲ್ಲದ್ದು ಕಾಣುತ್ತೆ, ಫಿಟ್ಸ್ ಬರುತ್ತೆ. "ಬೇಡ, ನಿಲ್ಲಿಸು" ಅಂತ ಹೇಳೋ ಮೆದುಳಿನ ಮುಂಭಾಗ ಪೂರ್ತಿ ಬಲಿಯೋದು ಸುಮಾರು 25ನೇ ವಯಸ್ಸಿಗೆ. ಹದಿನೆಂಟರ ಹುಡುಗನ ಗಾಡಿಗೆ ಬ್ರೇಕ್ ಇನ್ನೂ ಕೂರಿಸ್ತಾ ಇದ್ದಾರೆ ಅಂದ್ಕೊಳ್ಳಿ. ಅಷ್ಟರಲ್ಲೇ ಆಕ್ಸಿಲರೇಟರ್ ಒತ್ತಿದ್ರೆ?

ಇನ್ನೊಂದು ಇತಿಹಾಸ ಕೇಳಿ. 1925ರಲ್ಲಿ ಮೈಸೂರು ಸರ್ಕಾರ ಬೆಂಗಳೂರಿನ ಹುಚ್ಚಾಸ್ಪತ್ರೆಯ ಹೆಸರನ್ನೇ ಬದಲಿಸಿ ಮಾನಸಿಕ ಆಸ್ಪತ್ರೆ ಅಂತ ಕರೀತು. ಅದೇ ಬೆಳೆದು 1974ರಲ್ಲಿ ನಿಮ್ಹಾನ್ಸ್ ಆಯ್ತು. ಅಲ್ಲೀಗ ವ್ಯಸನಕ್ಕೂ ಚಿಕಿತ್ಸೆ ಇದೆ. ಇದು ಕಾಯಿಲೆ ಅಂತ ಸಂಸ್ಥೆ ಒಪ್ಪಿಕೊಂಡಿದೆ. ಮನೆಗಳು ಮಾತ್ರ "ಮರ್ಯಾದೆ ಹೋಗುತ್ತೆ" ಅಂತ ಬಾಗಿಲು ಹಾಕ್ಕೋತಿವೆ.

ಶೆಡ್ಡಿಗೆ ಬೀಗ ಹಾಕೋದು ಪೊಲೀಸರ ಕೆಲಸ. ಮಗ ರಾತ್ರಿಯೆಲ್ಲ ಎಚ್ಚರವಿದ್ದಾನಾ, ಮಗಳು ಇದ್ದಕ್ಕಿದ್ದಂತೆ ಮಾತು ಬಿಟ್ಟಳಾ ಅಂತ ಗಮನಿಸೋದು ನಮ್ಮ ಕೆಲಸ. ಬೈಯೋಕೆ ಮುಂಚೆ ಪಕ್ಕ ಕೂತು ಕೇಳಿ. ದಾರಿ ಕಾಣದಿದ್ರೆ 14416ಕ್ಕೆ ಕರೆ ಮಾಡಿ. ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡ್ತಾರೆ.