ಅಟ್ಟದ ಹೊಗೆ ಮತ್ತು ಗಾಳದ ಕೋಲು

ಗಾಳದ ಮಾತೆತ್ತಿದೊಡನೆ ನಮ್ಮ ಸಂಘದ ಸದಸ್ಯರಲ್ಲಿ ಹಲವರು ಈ ಪುಟವನ್ನು ಮಗುಚಿಬಿಡುತ್ತಾರೆಂದು ನಮಗೆ ಗೊತ್ತು. ಶೃಂಗೇರಿಗೆ ಹೋದಾಗ ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿ ಕೈಮುಗಿದು ಬಂದವರಿಗೆ ಮೀನು ಹಿಡಿಯುವ ಸುದ್ದಿ ರುಚಿಸದಿರುವುದು ಸಹಜವೇ. ಆದರೆ ನಾವಿಲ್ಲಿ ಹೇಳಹೊರಟಿರುವುದು ಮೀನಿನ ಸಮಾಚಾರವಲ್ಲ, ಕೋಲಿನ ಸಮಾಚಾರ. ಗಾಳದ ಕೋಲನ್ನು ಮನೆಯಲ್ಲೇ ಕೂತು ಮಾಡಿಕೊಳ್ಳುವ ವಿದ್ಯೆ ಯಾರ ಕೈಯಲ್ಲಿ ಬೆಳೆಯಿತು, ಯಾವ ಬೀಗದ ಕೋಣೆಯಲ್ಲಿ ಸಿಕ್ಕಿಕೊಂಡಿತು, ಮತ್ತೆ ಹೇಗೆ ಮನೆಗೆ ಮರಳಿತು ಎಂಬುದಷ್ಟೇ ನಮ್ಮ ವಿಷಯ. ಶಾಕಾಹಾರಿಗಳೂ ನಿಶ್ಚಿಂತೆಯಿಂದ ಓದಬಹುದು.

ಈ ಹುಚ್ಚು ನಮಗೆ ಹತ್ತಿದ್ದು ಮುಂಬಯಿಯ ಪೊವಾಯಿ ಕೆರೆಯ ದಡದಲ್ಲಿ. ನಾಲ್ಕು ವರ್ಷಗಳ ಹಿಂದೆ ಒಂದು ಭಾನುವಾರ ಅಲ್ಲಿ ಗಾಳ ಹಾಕಿ ಕೂತವರನ್ನು ನೋಡುತ್ತ ನಿಂತಾಗ, ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜನ ನೆನಪಾಯಿತು. ಅಜ್ಜ ಎಂದೂ ಕೋಲನ್ನು ದುಡ್ಡು ಕೊಟ್ಟು ತಂದವರಲ್ಲ. ಹಿತ್ತಿಲಾಚೆಯ ಬಿದಿರುಮೆಳೆಯಿಂದ ಕಡಿದು ತಂದು ತಾವೇ ಮಾಡಿಕೊಳ್ಳುತ್ತಿದ್ದರು. ನಾವೂ ಹಾಗೆಯೇ ಮಾಡೋಣವೆಂದು ವಖಾರಿಯಿಂದ ಒಂದು ಹಸಿ ಬಿದಿರು ತಂದೆವು. ಗಂಟುಗಳನ್ನು ಕೆತ್ತಿ ನಯಗೊಳಿಸಿ, ವಾರ್ನಿಷ್ ಬಳಿದು ಬಾಲ್ಕನಿಯಲ್ಲಿ ನಿಲ್ಲಿಸಿದೆವು. ಮೂರನೆಯ ತಿಂಗಳಿಗೆ ಅದರ ಬುಡದಲ್ಲಿ ಗೋಧಿಹಿಟ್ಟಿನಂಥ ಪುಡಿ ಉದುರತೊಡಗಿತು. ಕುಟ್ಟೆ ಹುಳ ಹೊಕ್ಕಿತ್ತು. ಬಿದಿರಿನೊಳಗಿನ ಪಿಷ್ಟಕ್ಕೆ ಈ ಹುಳ ಬರುತ್ತದೆಂದು ಬಿ.ಎಸ್‌ಸಿ. ಓದಿದ ನಮಗೆ ಹೊಳೆಯಬೇಕಾಗಿತ್ತು. ಹೊಳೆಯಲಿಲ್ಲ.

ಊರಿಗೆ ಫೋನ್ ಮಾಡಿ ಚಿಕ್ಕಪ್ಪನನ್ನು ಕೇಳಿದೆವು. "ಅಪ್ಪಯ್ಯ ಯಾವ ತಿಂಗಳಲ್ಲಿ ಕಡೀತಿದ್ರೋ, ಎಷ್ಟು ದಿನ ಅಟ್ಟದ ಮೇಲೆ ಇಡ್ತಿದ್ರೋ, ನಾನು ಕೇಳಿದ್ದೇ ಇಲ್ಲ ಮಾರಾಯ. ಅವ್ರೂ ಹೇಳ್ಲಿಲ್ಲ" ಎಂದರು. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಹಿಡಿದು ಕಪ್ಪಾಗಿದ್ದ ಕೋಲುಗಳ ನೆನಪು ನಮಗೂ ಇತ್ತು. ಅವು ಅಲ್ಲಿ ಏಕಿದ್ದವೆಂಬುದು ಮಾತ್ರ ಇಬ್ಬರಿಗೂ ತಿಳಿದಿರಲಿಲ್ಲ.

ಆ ಉತ್ತರ ನಮಗೆ ಸಿಕ್ಕಿದ್ದು ಐನೂರು ವರ್ಷಗಳ ಹಿಂದಿನ ಒಂದು ಇಂಗ್ಲಿಷ್ ಪುಸ್ತಕದಲ್ಲಿ! ೧೪೯೬ರಲ್ಲಿ ವೆಸ್ಟ್‌ಮಿನ್‌ಸ್ಟರಿನ ಮುದ್ರಕ ವಿನ್‌ಕಿನ್ ಡಿ ವರ್ಡ್ ಎಂಬಾತ 'ಬುಕ್ ಆಫ್ ಸೇಂಟ್ ಆಲ್ಬನ್ಸ್' ಎಂಬ ಗ್ರಂಥವನ್ನು ಮತ್ತೆ ಅಚ್ಚು ಹಾಕಿದಾಗ, ಗಾಳದ ವಿಷಯವಾಗಿ ಒಂದು ಪ್ರಬಂಧವನ್ನೂ ಅದಕ್ಕೆ ಸೇರಿಸಿದ. ಜೂಲಿಯಾನಾ ಬರ್ನರ್ಸ್ ಎಂಬ ಸನ್ಯಾಸಿನಿ ಅದನ್ನು ಬರೆದಳೆಂಬ ಪ್ರತೀತಿಯಿದೆ; ಗಟ್ಟಿ ಆಧಾರವಿಲ್ಲ. ಕೋಲನ್ನು ಅಂಗಡಿಯಲ್ಲಿ ಕೊಳ್ಳುವ ಮಾತೇ ಆ ಪ್ರಬಂಧದಲ್ಲಿಲ್ಲ. ಸೆಪ್ಟೆಂಬರ್ ಕೊನೆಯಿಂದ ಫೆಬ್ರವರಿ ಮೊದಲವರೆಗಿನ ಚಳಿಯಲ್ಲಿ ಒಂಬತ್ತು ಅಡಿ ಉದ್ದದ, ತೋಳಿನಷ್ಟು ದಪ್ಪದ ಹೇಜಲ್ ಅಥವಾ ವಿಲೋ ಮರದ ಕೋಲನ್ನು ಕಡಿಯಬೇಕು. ಬಿಸಿ ಒಲೆಯಲ್ಲಿಟ್ಟು ನೇರ ಮಾಡಬೇಕು. ನಾಲ್ಕು ವಾರ ಒಣಗಿಸಬೇಕು. ಕಾಯಿಸಿದ ಕಬ್ಬಿಣದ ಸಲಾಕೆಯಿಂದ ಒಳಗಿನ ತಿರುಳನ್ನು ಸುಟ್ಟು ಟೊಳ್ಳು ಮಾಡಬೇಕು. ಆಮೇಲೆ ಮನೆಯ ಸೂರಿನ ಕೆಳಗೆ, ಹೊಗೆಯಲ್ಲಿ, ಪೂರ್ತಿ ಒಣಗುವವರೆಗೆ ಇಡಬೇಕು. ತುದಿಯ ತೆಳುಕೋಲನ್ನು ಆ ಟೊಳ್ಳಿನೊಳಗೆ ಸೇರಿಸಿಬಿಟ್ಟರೆ ಕೈಯಲ್ಲಿ ಹಿಡಿದು ನಡೆಯುವ ಊರುಗೋಲಿನಂತೆ ಕಾಣುತ್ತದೆ, ನೀವು ಎಲ್ಲಿಗೆ ಹೊರಟಿದ್ದೀರೆಂದು ಯಾರಿಗೂ ತಿಳಿಯುವುದಿಲ್ಲ ಎಂದೂ ಅದರಲ್ಲಿ ಹೇಳಿದೆ. ಹೆಂಡತಿಗೆ ತಿಳಿಯದಂತೆ ಹೊಳೆಗೆ ಹೋಗುವ ಅಭ್ಯಾಸ ಯಾವ ದೇಶಕ್ಕೂ ಹೊಸದಲ್ಲವೆಂದು ತೋರುತ್ತದೆ.

ಸೂರಿನ ಕೆಳಗಿನ ಹೊಗೆ! ನಮ್ಮ ಅಜ್ಜ ಮಾಡುತ್ತಿದ್ದುದೂ ಅದೇ. ಅಲ್ಲಿ ಒಬ್ಬರು ಅದನ್ನು ಬರೆದಿಟ್ಟರು. ಇಲ್ಲಿ ಅದು ಅಜ್ಜನೊಡನೆ ಹೋಯಿತು.

ನಮ್ಮವರು ಈ ವಿಷಯದಲ್ಲಿ ಏನನ್ನೂ ಬರೆಯಲೇ ಇಲ್ಲವೆಂದರೆ ಅದೂ ತಪ್ಪಾಗುತ್ತದೆ. ಆ ಇಂಗ್ಲಿಷ್ ಪುಸ್ತಕಕ್ಕಿಂತ ಮುನ್ನೂರೈವತ್ತು ವರ್ಷಗಳಿಗೂ ಮೊದಲು, ೧೧೨೭ರಿಂದ ೧೧೩೮ರವರೆಗೆ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ಅದರಲ್ಲಿ 'ಮತ್ಸ್ಯವಿನೋದ'ವೆಂಬ ಒಂದು ಪ್ರಕರಣವೇ ಇದೆ. ಮೀನಿನ ಜಾತಿಗಳು, ಅವುಗಳಿಗೆ ಒಡ್ಡುವ ಆಹಾರ, ಗಾಳ ಹಾಕುವ ಕ್ರಮ ಎಲ್ಲವೂ ಅಲ್ಲಿವೆ. ಪ್ರಾಣಿಶಾಸ್ತ್ರಜ್ಞ ಡಾ. ಸುಂದರಲಾಲ್ ಹೋರಾ ಅವರು ೧೯೫೧ರಲ್ಲಿ ಇದನ್ನು ವಿವರಿಸಿ ಬರೆದ ಮೇಲೆ ವಿಜ್ಞಾನಿಗಳ ಗಮನ ಅದರತ್ತ ಹರಿಯಿತು. ಆದರೆ ಅದು ಅರಮನೆಯ ವಿನೋದ, ಸಂಸ್ಕೃತದ ಶ್ಲೋಕ. ತುಂಗೆಯ ದಡದಲ್ಲಿ ಕೂತ ಗಾಳಗಾರನ ಮನೆಗೆ ಅದು ಬರಲೂ ಇಲ್ಲ, ಅವನು ಬಲ್ಲದ್ದು ಅರಮನೆಯ ಓಲೆಗೆ ಏರಲೂ ಇಲ್ಲ.

ಇನ್ನೊಂದು ಪುಸ್ತಕವೂ ನಮ್ಮ ನೆಲದಲ್ಲೇ ಹುಟ್ಟಿತು. ಮದರಾಸು ಸರ್ಕಾರದ ಅಧಿಕಾರಿಯಾಗಿ ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ 'ದಿ ರಾಡ್ ಇನ್ ಇಂಡಿಯಾ' ೧೮೭೩ರಲ್ಲಿ ಪ್ರಕಟವಾದದ್ದು ಮಂಗಳೂರಿನ ಬಾಸೆಲ್ ಮಿಷನ್ನಿನಿಂದ. ಕಿಟೆಲ್ಲರ ನಿಘಂಟನ್ನು ೧೮೯೪ರಲ್ಲಿ ಕನ್ನಡಿಗರಿಗೆ ಕೊಟ್ಟದ್ದೂ ಅದೇ ಸಂಸ್ಥೆ. ಗಾಳದ ಆಟದಲ್ಲಿ ಭಾರತದ ಮಹಸೀರ್ ಮೀನಿಗೆ, ಎಂದರೆ ಕಾವೇರಿ ದಡದವರ ಬಿಳಿಮೀನಿಗೆ, ದೊಡ್ಡ ಹೆಸರು ತಂದುಕೊಟ್ಟ ಪುಸ್ತಕಗಳಲ್ಲಿ ಇದು ಮುಖ್ಯವಾದದ್ದು.

ಆ ಕಾಲಕ್ಕೆ ಭಾರತದಿಂದ ಇನ್ನೊಂದು ವಸ್ತುವೂ ಹಡಗು ಹತ್ತಿ ಹೋಗುತ್ತಿತ್ತು. ಅದು ಬಿದಿರು. ಇಂಗ್ಲೆಂಡ್ ಮತ್ತು ಅಮೆರಿಕದ ಕೋಲು ತಯಾರಕರು ಅದನ್ನು 'ಕಲ್ಕತ್ತಾ ಬಿದಿರು' ಎಂದು ಕರೆದರು. ಕಲ್ಕತ್ತಾ ಅದರ ಊರಲ್ಲ, ಅದು ಹಡಗು ಹತ್ತಿದ ರೇವು ಮಾತ್ರ. ಧಾರವಾಡದವರಾಗಲಿ ಮಂಗಳೂರಿನವರಾಗಲಿ ದಿಲ್ಲಿಗೆ ಹೋದೊಡನೆ 'ಮದ್ರಾಸಿ'ಗಳಾಗುವುದಿಲ್ಲವೇ, ಹಾಗೆ. ಅದು ಬಹುಮಟ್ಟಿಗೆ ಗಂಡುಬಿದಿರಿನ ಜಾತಿಯದೆಂದು ಹೇಳುತ್ತಾರೆ. ಒಳಗೆ ಟೊಳ್ಳು ಕಡಮೆಯಿರುವ, ಲಾಠಿಗೆ ಬಳಸುವ ಈ ಬಿದಿರು ನಮ್ಮ ಕರ್ನಾಟಕದ ಕಾಡುಗಳಲ್ಲೂ ಬೆಳೆಯುತ್ತದೆ. ಹೀಗೆ ಹೋದ ಬಿದಿರಿನ ಮೇಲೆ ಅಲ್ಲಲ್ಲಿ ಸುಟ್ಟ ಕಲೆಗಳಿರುತ್ತಿದ್ದವು. ಆ ಭಾಗಗಳನ್ನು ಬಿಟ್ಟು ಉಳಿದುದನ್ನು ಆರಿಸಿಕೊಳ್ಳುವುದೇ ಅಲ್ಲಿಯವರಿಗೆ ದೊಡ್ಡ ಕೆಲಸವಾಗಿತ್ತು.

ಅಮೆರಿಕದಲ್ಲಿ ಈ ಬಿದಿರಿಗೆ ಹೊಸ ರೂಪ ಕೊಟ್ಟವರಲ್ಲಿ ಮೊದಲಿಗನೆಂದು ಹೆಸರಾದವನು ಪೆನ್ಸಿಲ್ವೇನಿಯದ ಈಸ್ಟನ್ ಊರಿನ ಸ್ಯಾಮ್ಯುಯೆಲ್ ಫಿಲಿಪ್. ಅವನು ಬಂದೂಕು ತಯಾರಿಸುವವನು, ಪಿಟೀಲುಗಳನ್ನೂ ಮಾಡುತ್ತಿದ್ದ. ೧೮೪೦ರ ದಶಕದಲ್ಲಿ ಅವನು ಬಿದಿರನ್ನು ಇಡಿಯಾಗಿ ಬಳಸುವುದನ್ನು ಬಿಟ್ಟು, ಉದ್ದುದ್ದ ಸೀಳಿ, ಸೀಳುಗಳನ್ನು ಅಂಟಿಸಿ ಕೋಲು ಮಾಡಿದ. ಇದರ ಮರ್ಮವನ್ನು ಸ್ವಲ್ಪ ಹೇಳಬೇಕು. ಬಿದಿರಿನ ಬಲವಿರುವುದು ಹೊರ ಸಿಪ್ಪೆಗೆ ತಾಗಿದ ದಟ್ಟ ನಾರಿನಲ್ಲಿ. ಒಳಕ್ಕೆ ಹೋದಂತೆ ನಾರು ವಿರಳವಾಗುತ್ತದೆ. ಒಂದೊಂದು ಸೀಳನ್ನೂ ಸಮಬಾಹು ತ್ರಿಕೋನವಾಗಿ ಹೆರೆದರೆ ಅದರ ಕೋನ ೬೦ ಡಿಗ್ರಿ. ಅಂಥ ಆರು ಸೀಳುಗಳು ಕೂಡಿದರೆ ೩೬೦ ಡಿಗ್ರಿ ತುಂಬಿ ಷಟ್ಕೋನದ ಗಟ್ಟಿ ಕೋಲಾಗುತ್ತದೆ. ಹೊರಗಿನ ಆರು ಮೈಗಳಲ್ಲೂ ಬಲವಾದ ನಾರು. ಮೃದು ಭಾಗ ಹೆರೆದು ಹೋಗಿರುತ್ತದೆ. ಒಂದು ಸೀಳಿನ ಗಂಟು ಇನ್ನೊಂದರ ಗಂಟಿನ ಪಕ್ಕಕ್ಕೆ ಬಾರದಂತೆ ಹೊಂದಿಸಬಹುದು. ಬುಡದಿಂದ ತುದಿಗೆ ಎಷ್ಟು ಸಣ್ಣದಾಗುತ್ತ ಹೋಗಬೇಕೆಂಬುದು ಬಿದಿರಿನ ಇಚ್ಛೆಯಲ್ಲ, ಮಾಡುವವನ ಇಚ್ಛೆ.

ಈ ಕೆಲಸವನ್ನು ದೊಡ್ಡ ಉದ್ಯಮವಾಗಿಸಿದವನು ಮೇನ್ ಪ್ರಾಂತದ ಹೈರಮ್ ಲೆನರ್ಡ್. ೧೮೭೦ರ ದಶಕದಲ್ಲಿ ಅವನು ಸೀಳುಗಳನ್ನು ಕರಾರುವಾಕ್ಕಾಗಿ ಹೆರೆಯುವ ಒಂದು ಯಂತ್ರವನ್ನು ಕಟ್ಟಿದ. ಆ ಯಂತ್ರವಿದ್ದ ಕೋಣೆಗೆ ಬೀಗ. ಕಂಡವರೆಲ್ಲ ಒಳಗೆ ಹೋಗುವಂತಿರಲಿಲ್ಲ. ಥಾಮಸ್, ಎಡ್ವರ್ಡ್ಸ್, ಪೇನ್ ಮುಂತಾಗಿ ಅವನ ಬಳಿ ದುಡಿದವರು ಹೊರಗೆ ಬಂದು ತಾವೂ ಹೆಸರಾಂತ ತಯಾರಕರಾದರು. ಕೋಲುಗಳು ಸೊಗಸಾಗಿದ್ದವು, ಬೆಲೆಯೂ ಹಾಗೆಯೇ ಇತ್ತು. ಮನೆಮನೆಯ ವಿದ್ಯೆಯಾಗಿದ್ದುದು ಕೆಲವೇ ಮಂದಿಯ ಗುಟ್ಟಾಯಿತು.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕಲ್ಕತ್ತಾ ಬಿದಿರಿನ ಜಾಗಕ್ಕೆ 'ಟಾಂಕಿನ್ ಬಿದಿರು' ಬಂದಿತು. ಇದರ ಹೆಸರೂ ಪೊಳ್ಳೇ. ಟಾಂಕಿನ್ ಇರುವುದು ವಿಯೆಟ್ನಾಮಿನಲ್ಲಿ, ಬಿದಿರು ಬೆಳೆಯುವುದು ಚೀನದ ಗ್ವಾಂಗ್‌ಡಾಂಗ್ ಪ್ರಾಂತದಲ್ಲಿ. ಸಸ್ಯಶಾಸ್ತ್ರಜ್ಞ ಮೆಕ್‌ಕ್ಲೂರ್ ೧೯೩೧ರಲ್ಲಿ ಅದಕ್ಕೊಂದು ಶಾಸ್ತ್ರೀಯ ನಾಮಕರಣ ಮಾಡಿ 'ಅಮಾಬಿಲಿಸ್' ಎಂದ. ಹಾಗೆಂದರೆ ಮುದ್ದಾದದ್ದು. ೧೯೫೦ರ ಕೊನೆಯಲ್ಲಿ ಅಮೆರಿಕ ಚೀನದೊಡನೆ ವ್ಯಾಪಾರ ನಿಲ್ಲಿಸಿದಾಗ ಈ ಮುದ್ದು ಬಿದಿರಿನ ದಾರಿ ಮುಚ್ಚಿತು. ಅಷ್ಟರಲ್ಲಿ, ಎರಡನೆಯ ಮಹಾಯುದ್ಧದ ನಂತರ, ಗಾಜಿನ ನಾರಿನ ಕೋಲು ಮಾರುಕಟ್ಟೆಗೆ ಬಂದಿತ್ತು. ಅಗ್ಗ, ಹುಳ ಹಿಡಿಯದು, ನೆನೆದರೆ ಕೆಡದು. ೧೯೭೦ರ ದಶಕದಲ್ಲಿ ಕಾರ್ಬನ್ ನಾರಿನ ಕೋಲೂ ಬಂದಿತು. ಬಿದಿರಿನ ಕಥೆ ಮುಗಿಯಿತೆಂದೇ ಎಲ್ಲರೂ ಎಣಿಸಿದರು. ಲೆನರ್ಡ್ ಕಂಪನಿಯೂ ೧೯೮೦ರ ದಶಕದಲ್ಲಿ ಬಾಗಿಲು ಹಾಕಿತು.

ಆದರೆ ಕಥೆ ಮುಗಿಯಲಿಲ್ಲ. ಅದನ್ನು ಉಳಿಸಿದವರು ಕಾರ್ಖಾನೆಯವರಲ್ಲ, ಬೇರೆ ಉದ್ಯೋಗವಿದ್ದು ಬಿಡುವಿನಲ್ಲಿ ಕೋಲು ಮಾಡಿದವರು. ವಕೀಲನಾಗಿದ್ದ ಹೆನ್ರಿ ವೆಲ್ಸ್ ೧೮೮೫ರಲ್ಲಿ, ವೈದ್ಯನಾಗಿದ್ದ ಜಾರ್ಜ್ ಪಾರ್ಕರ್ ಹೋಲ್ಡನ್ ೧೯೨೦ರಲ್ಲಿ, ತಾವು ಕಲಿತದ್ದನ್ನು ಮುಚ್ಚಿಡದೆ ಪುಸ್ತಕ ಬರೆದರು. ಹೋಲ್ಡನ್ನನಿಂದ ಪ್ರೇರಣೆ ಪಡೆದವನು ಎವರೆಟ್ ಗ್ಯಾರಿಸನ್. ಇವನು ಇಂಜಿನಿಯರ್. ಸೇತುವೆಯ ತೊಲೆಗೆ ಲೆಕ್ಕ ಹಾಕುವಂತೆ ಕೋಲಿನ ಪ್ರತಿಯೊಂದು ಭಾಗದ ಮೇಲೆ ಬೀಳುವ ಒತ್ತಡಕ್ಕೂ ಲೆಕ್ಕ ಹಾಕಿದ. ಯಂತ್ರದ ಬದಲು ಉಕ್ಕಿನ ಅಚ್ಚಿನ ಗಾಡಿಯಲ್ಲಿ ಸೀಳನ್ನಿಟ್ಟು, ಕೈ ಉಜ್ಜುಗೊರಡಿನಿಂದ ಅಂಗುಲದ ಸಾವಿರದ ಒಂದಂಶದ ಅಳತೆಗೆ ಹೆರೆದ. ವಯಸ್ಸಾದ ಕಾಲಕ್ಕೆ ಹೋಗಿ ಕಾರ್ಮೈಕೇಲ್ ಎಂಬ ಯುವಕ ಅವನ ಬಳಿ ಬಂದು, ಕಲಿತು, ಕೆಲಸವನ್ನೆಲ್ಲ ಚಲನಚಿತ್ರವಾಗಿಯೂ ತೆಗೆದ. ೧೯೭೫ರಲ್ಲಿ ಗ್ಯಾರಿಸನ್ ತೀರಿಕೊಂಡ. ೧೯೭೭ರಲ್ಲಿ ಇಬ್ಬರ ಹೆಸರಿನಲ್ಲೂ ಪುಸ್ತಕ ಹೊರಬಂದಿತು. ಬಿದಿರು ಸೀಳುವುದರಿಂದ ಹಿಡಿದು ಕೊನೆಯ ವಾರ್ನಿಷ್‌ವರೆಗೆ ಎಲ್ಲವೂ ಅದರಲ್ಲಿವೆ. ಯಾರ ಬೀಗವನ್ನೂ ಒಡೆಯದೆ ಆ ಕೋಣೆ ತೆರೆದುಕೊಂಡಿತು. ಕಾರ್ಮೈಕೇಲ್ ಒಂದೆರಡು ವರ್ಷ ತಡವಾಗಿ ಹೋಗಿದ್ದರೆ?

ಈಗ ಹಲವು ದೇಶಗಳಲ್ಲಿ ಜನ ಮನೆಯಲ್ಲೇ ಕೋಲು ಮಾಡುತ್ತಾರೆ. ಎಲ್ಲರೂ ಬಿದಿರು ಸೀಳುವುದಿಲ್ಲ. ಹೆಚ್ಚಿನವರು ಕಾರ್ಬನ್ ನಾರಿನ ಬೋಳು ಕೋಲನ್ನು ಕೊಂಡುತಂದು ಉಳಿದ ಕೆಲಸ ತಾವು ಮಾಡುತ್ತಾರೆ. ಬೆಂಡಿನ ಬಿಲ್ಲೆಗಳನ್ನು ಪೋಣಿಸಿ ಅಂಟಿಸಿ, ತಮ್ಮ ಅಂಗೈಗೆ ತಕ್ಕಂತೆ ಉಜ್ಜಿ ಹಿಡಿ ಮಾಡುತ್ತಾರೆ. ದಾರ ಹಾಯುವ ಉಂಗುರಗಳನ್ನು ಒಂದೊಂದಾಗಿ ರೇಷ್ಮೆ ಅಥವಾ ನೈಲಾನ್ ನೂಲಿನಿಂದ, ಸುತ್ತಿಗೆ ಸುತ್ತು ತಾಗಿಸಿ ಬಿಗಿಯುತ್ತಾರೆ. ಮೇಲೆ ಎಪಾಕ್ಸಿ ಬಳಿದು, ಅದು ಒಂದೆಡೆ ಇಳಿದು ಗಟ್ಟಿಯಾಗದಂತೆ ಕೋಲನ್ನು ನಿಧಾನವಾಗಿ ತಿರುಗಿಸುತ್ತಲೇ ಇರುತ್ತಾರೆ. ಕೊಂಡ ಕೋಲು ಯಾರ ಕೈಗಾದರೂ ಆಗುವಂಥದು. ಇದು ಒಬ್ಬನ ಕೈಗೆ ಮಾಡಿದ್ದು.

ನಮ್ಮ ಎರಡನೆಯ ಕೋಲಿನ ವಿಷಯ ಹೇಳಿ ಮುಗಿಸುತ್ತೇವೆ. ನಾವು ಓದಿದ್ದನ್ನೆಲ್ಲ ಚಿಕ್ಕಪ್ಪನಿಗೆ ತಿಳಿಸಿದೆವು. ಅವರು ಡಿಸೆಂಬರಿನಲ್ಲಿ ಬಲಿತ ಬಿದಿರೊಂದನ್ನು ಕಡಿದರು. ಅಡುಗೆಮನೆಗೆ ಗ್ಯಾಸ್ ಬಂದು ಅಟ್ಟದ ಹೊಗೆ ಎಂದೋ ನಿಂತಿತ್ತು; ಬಚ್ಚಲೊಲೆ ಮಾತ್ರ ಇನ್ನೂ ಉರಿಯುತ್ತಿತ್ತು. ಅದರ ಮೇಲೆ ಕಟ್ಟಿ ಮುಂದಿನ ಮಳೆಗಾಲದವರೆಗೆ ಬಿಟ್ಟರು. ಆಮೇಲೆ ನಾವು ಹೋಗಿ ಬಸ್ಸಿನಲ್ಲಿ ತಂದು, ಉಂಗುರ ಬಿಗಿದು, ವಾರ್ನಿಷ್ ಬಳಿದೆವು. ಎರಡು ಮಳೆಗಾಲ ಕಳೆದಿವೆ, ಹಿಟ್ಟು ಉದುರಿಲ್ಲ. ಇನ್ನೂ ಒಂದು ಮೀನನ್ನೂ ಹಿಡಿದಿಲ್ಲವೆಂದು ಮನೆಯವರು ನಗುತ್ತಾರೆ. ಕಡಿದ ತಿಂಗಳು, ಒಣಗಿಸಿದ ದಿನಗಳು, ಉಂಗುರದಿಂದ ಉಂಗುರಕ್ಕಿರುವ ಅಂತರ ಎಲ್ಲವನ್ನೂ ಮಗಳು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದಿಟ್ಟಿದ್ದಾಳೆ. ಕಾಗುಣಿತದ ತಪ್ಪುಗಳಿವೆ, ಅಳತೆ ಸರಿಯಾಗಿದೆ.

ಓದುಗರಲ್ಲಿ ನಮ್ಮದೊಂದು ವಿನಂತಿ. ಊರಿನಲ್ಲಿ ಚಾಪೆ ಹೆಣೆಯುವ ಅತ್ತೆ, ದೋಣಿಗೆ ಎಣ್ಣೆ ಹಚ್ಚುವ ಮಾವ, ಬಾವಿಗೆ ಜಾಗ ಗುರುತಿಸುವ ದೊಡ್ಡಪ್ಪ ಇನ್ನೂ ಇದ್ದರೆ, ಮುಂದಿನ ರಜೆಯಲ್ಲಿ ಒಂದು ನೋಟ್‌ಬುಕ್ಕು ಹಿಡಿದು ಅವರ ಪಕ್ಕದಲ್ಲಿ ಕುಳಿತುಕೊಳ್ಳಿ. ಯಾವ ತಿಂಗಳು, ಎಷ್ಟು ದಿನ, ಏಕೆ ಎಂದು ಕೇಳಿ ಬರೆದುಕೊಳ್ಳಿ. ನಾವು ಕೇಳಲಿಲ್ಲ.