ಉಸಿರಿಗಾಗಿ ಇಟ್ಟ ಚುಕ್ಕಿ

ಈ ಸಲ ಅಡಿಗಿ ಮಾತಿಲ್ಲ, ಹಬ್ಬದ ಮಾತೂ ಇಲ್ಲ. ಇಂಗ್ಲಿಷಿನ ಚುಕ್ಕಿ, ಬಾಲ ಇರೋ ಚುಕ್ಕಿ, ಅಕ್ಷರದ ತಲಿ ಮ್ಯಾಲ ಜೋತಾಡೋ ಕೊಕ್ಕಿ, ಇವೆಲ್ಲಾ ಎಲ್ಲಿಂದ ಬಂದ್ವು ಅನ್ನೋ ಕಥಿ ಹೇಳ್ತೀನಿ. ಮನ್ಯಾಗಿರೋ ಹೆಣಮಗಳಿಗೆ ಅದನ್ನ ತಗೊಂಡು ಏನಾಗಬೇಕು ಅಂತೀರೇನು? ಆಗಬೇಕಾದ್ದು ಅದರಿ. ಕಡೀಕ ಹೇಳ್ತೀನಿ.

ನಾ ಓದಿದ್ದು ಕನ್ನಡ ಶಾಲ್ಯಾಗ, ಆಮ್ಯಾಲ ಪಿಯುಸಿ. ಇಂಗ್ಲಿಷ್ ಮಾತಾಡ್ಲಿಕ್ಕೆ ನನಗ ಅಷ್ಟು ಸರಾಗ ಬರೂದಿಲ್ಲ, ಆದ್ರ ಓದೂದಂದ್ರ ಅಗದಿ ಪ್ರೀತಿ. ಕಾಲೇಜಿನ್ಯಾಗ ಕಾಮಾ ಎಲ್ಲೆ ಹಾಕಬೇಕು ಅಂತ ಹೇಳಿಕೊಟ್ರು, ಯಾಕ ಹಾಕಬೇಕು ಅಂತ ಹೇಳಲಿಲ್ಲ. ಆ "ಯಾಕ" ಅನ್ನೋದನ್ನ ಮದುವಿ ಆಗಿ, ಮಕ್ಕಳು ದೊಡ್ಡವರಾದ ಮ್ಯಾಲ, ಮಧ್ಯಾಹ್ನದ ಹೊತ್ತಿನ್ಯಾಗ ನಾನ ಹುಡುಕಿಕೊಂಡು ಓದಿದೆ. ಅದು ಗೊತ್ತಾದ ಮ್ಯಾಲ ಇಂಗ್ಲಿಷಿನ ಅಂಜಿಕಿ ಅರ್ಧಕ್ಕರ್ಧ ಹೋತು.

ಹಿಂದಕ ಗ್ರೀಕರು, ರೋಮನ್ನರು ಬರೀಬೇಕಾದ್ರ ಹೆಚ್ಚಾಗಿ ಶಬ್ದ ಶಬ್ದದ ನಡುವ ಜಾಗಾನ ಬಿಡ್ತಿದ್ದಿಲ್ಲ. ನಮ್ಮ ಹಳೇ ಶಾಸನ, ಓಲೆಗರಿ ನೋಡಿದವರಿಗೆ ಇದು ಹೊಸಾದಲ್ಲ, ಅವೂ ಹಂಗ ಸಾಲಾಗಿ ಹರಕೋತ ಹೋಗ್ತಾವ. ಆಗ ಓದೂದಂದ್ರ ಹೆಚ್ಚಾಗಿ ಧ್ವನಿ ತಗದು ಓದೂದು. ಎಲ್ಲೆ ನಿಲ್ಲಬೇಕು, ಎಲ್ಲೆ ಉಸಿರು ತಗೋಬೇಕು ಅನ್ನೋದು ಓದಾವರ ಜಾಣತನ.

ಕ್ರಿಸ್ತಪೂರ್ವ 200ರ ಸುಮಾರಿಗೆ ಅಲೆಕ್ಸಾಂಡ್ರಿಯಾದ ದೊಡ್ಡ ಗ್ರಂಥಾಲಯ ನೋಡಿಕೊಳ್ತಿದ್ದ ಅರಿಸ್ಟೊಫೆನಿಸ್ ಅನ್ನೋ ಪಂಡಿತ ಇದಕ್ಕೊಂದು ಉಪಾಯ ಮಾಡಿದ. ಸಾಲಿನ ಮ್ಯಾಲ, ನಡುವ, ಕೆಳಗ, ಹಿಂಗ ಮೂರು ಎತ್ತರದಾಗ ಚುಕ್ಕಿ ಇಟ್ಟ. ಪೂರ್ತಿ ನಿಲ್ಲೂ ಜಾಗಾಕ್ಕ ಎಲ್ಲಾಕ್ಕಿಂತ ಮ್ಯಾಲಿನ ಚುಕ್ಕಿ. ಸಣ್ಣ ತುಂಡು ಮಾತಿಗೆ ಗ್ರೀಕಿನ್ಯಾಗ ಕಾಮಾ ಅಂತಿದ್ರು, ಅಂದ್ರ ಕತ್ತರಿಸಿದ ತುಂಡು. ಅದಕ್ಕಿಂತ ದೊಡ್ಡದಕ್ಕ ಕೋಲನ್, ಅಂದ್ರ ಅಂಗ. ಮಾತಿನ ತುಂಡಿಗೆ ಇದ್ದ ಹೆಸರು ಆಮ್ಯಾಲ ಚಿಹ್ನಿಗೇ ಅಂಟಿಕೊಂಡ್ವು. ಅಂದ್ರ ಮೊದಲನೇ ಚುಕ್ಕಿ ವ್ಯಾಕರಣಕ್ಕ ಇಟ್ಟದ್ದಲ್ಲ, ಓದಾವರ ಉಸಿರಿಗಾಗಿ ಇಟ್ಟದ್ದು.

ಇನ್ನ ಶಬ್ದದ ನಡುವಿನ ಜಾಗಾ. ಇದು ನನಗ ಭಾಳ ಸೇರಿದ ಸಂಗತಿ. 7, 8ನೇ ಶತಮಾನದಾಗ ಐರ್ಲೆಂಡಿನ ಕ್ರೈಸ್ತ ಸನ್ಯಾಸಿಗಳು ಮಠದಾಗ ಕೂತು ಲ್ಯಾಟಿನ್ ಪುಸ್ತಕ ನಕಲು ಮಾಡ್ತಿದ್ರು. ಲ್ಯಾಟಿನ್ ಅವರ ಮನಿಮಾತಲ್ಲ, ಪುಸ್ತಕದಿಂದ ಕಲಿತದ್ದು. ಎಲ್ಲಾ ಕೂಡಿಸಿ ಬರದ್ರ ಎಲ್ಲೆ ಶಬ್ದ ಮುಗೀತು ಅಂತ ತಿಳಿಯೂದು ಅವರಿಗೆ ತ್ರಾಸು. ಅದಕ್ಕ ಶಬ್ದದ ನಡುವ ಜಾಗಾ ಬಿಟ್ಟು ಬರೀಲಿಕ್ಕೆ ಸುರು ಮಾಡಿದ್ರು. ಅಲ್ಲಿಂದ ಆ ರೂಢಿ ಇಂಗ್ಲೆಂಡಿಗೆ ಬಂತು, ಆಮ್ಯಾಲ ಯುರೋಪಿಗೆಲ್ಲಾ ಹಬ್ಬಿತು. ಇವತ್ತು ಇಂಗ್ಲಿಷ್ ಪುಟದಾಗ ನಾವು ನೋಡೋ ಆ ಬಿಳೀ ಜಾಗಾ, ಪರಭಾಷಾ ಕಲ್ಯಾವರು ತಮ್ಮ ಅನುಕೂಲಕ್ಕ ಮಾಡಿಕೊಂಡದ್ದು!

1476ರಾಗ ವಿಲಿಯಂ ಕ್ಯಾಕ್ಸ್‌ಟನ್ ಅನ್ನಾಂವ ಲಂಡನ್ ಹತ್ತಿರ ವೆಸ್ಟ್‌ಮಿನ್‌ಸ್ಟರಿನ್ಯಾಗ ಇಂಗ್ಲೆಂಡಿನ ಮೊದಲ ಅಚ್ಚುಕೂಟ ಇಟ್ಟ. ಅಚ್ಚು ಹಾಕಬೇಕಾದ್ರ ದೊಡ್ಡ ಪ್ರಶ್ನಿ ಬಂತು: ಯಾವ ಇಂಗ್ಲಿಷ್ ಅಚ್ಚು ಹಾಕೂದು? ಊರಿಗೊಂದು ಇಂಗ್ಲಿಷ್. 1490ರ ಒಂದು ಪುಸ್ತಕದ ಮುನ್ನುಡಿಯೊಳಗ ಅಂವ ಒಂದು ಕಥಿ ಹೇಳ್ಯಾನ. ಕೆಲವು ವ್ಯಾಪಾರಸ್ತರು ಥೇಮ್ಸ್ ನದಿಯಿಂದ ಹಡಗಿನ್ಯಾಗ ಹೊಂಟಿದ್ರು. ಗಾಳಿ ಬೀಸವಲ್ದು ಅಂತ ದಂಡಿಗೆ ಇಳದು, ಒಂದು ಮನಿಗೆ ಹೋಗಿ ಉಣ್ಣಲಿಕ್ಕೆ ಕೇಳಿದ್ರು. ಒಬ್ಬಾಂವ "ಎಗ್ಸ್" ಕೊಡವಾ ಅಂದ. ಆ ಮನಿ ಹೆಣಮಗಳು ನನಗ ಫ್ರೆಂಚ್ ಬರೂದಿಲ್ಲ ಅಂದ್ಲು. ಅಂವಗ ಸಿಟ್ಟು ಬಂತು, ಯಾಕಂದ್ರ ಫ್ರೆಂಚ್ ಅಂವಗೂ ಬರ್ತಿದ್ದಿಲ್ಲ! ಇನ್ನೊಬ್ಬಾಂವ "ಐರೆನ್" ಬೇಕು ಅಂದಾಗ, ಹಂಗ ಹೇಳ್ರಿ ಮತ್ತ, ಈಗ ತಿಳೀತು ಅಂದ್ಲಂತ. ಎರಡೂ ತತ್ತಿನ, ಎರಡೂ ಇಂಗ್ಲಿಷ. ಕಡೀಕ ಉಳದದ್ದು ಸ್ಕ್ಯಾಂಡಿನೇವಿಯಾದ ಕಡೆಯಿಂದ ಬಂದ "ಎಗ್", ಇಂಗ್ಲೆಂಡಿನ ಹಳೇ ಶಬ್ದ ಹೋತು. ಯಾವ ಪಂಡಿತರೂ ಕೂತು ಠರಾವು ಮಾಡಿದ್ದಲ್ಲ. ಜನ ಹೆಂಗ ಆಡಿದ್ರೊ ಹಂಗ ಉಳೀತು.

ಕ್ಯಾಕ್ಸ್‌ಟನ್ ಕಾಲಕ್ಕ ಕಾಮಾ ಈಗಿನಂಗ ಇದ್ದಿಲ್ಲ. ಅದರ ಬದಲಿ ಓರೆ ಗೆರಿ ಎಳೀತಿದ್ರು. 1490ರ ದಶಕದಾಗ ಇಟಲಿಯ ವೆನಿಸ್‌ನ್ಯಾಗ ಆಲ್ಡಸ್ ಮನುಟಿಯಸ್ ಅನ್ನೋ ಮುದ್ರಕ ಚುಕ್ಕಿ ಮ್ಯಾಲ, ಬಾಲ ಕೆಳಗ ಇಟ್ಟು ಸೆಮಿಕೋಲನ್ ಅಚ್ಚು ಹಾಕಿದ. 16ನೇ ಶತಮಾನದಾಗ ಫ್ರಾನ್ಸಿನಿಂದ ಅಪಾಸ್ಟ್ರಫಿ ಅನ್ನೋ ಕೊಕ್ಕಿ ಇಂಗ್ಲಿಷಿಗೆ ಬಂತು. ಅದರ ಕೆಲಸ ಒಂದ: ಇಲ್ಲೆ ಅಕ್ಷರ ಬಿದ್ದದ ಅಂತ ಗುರುತು ಹಚ್ಚೂದು. "ಡು ನಾಟ್" ಹೋಗಿ "ಡೋಂಟ್" ಆದ್ರ ಬಿದ್ದ ಅಕ್ಷರದ ಜಾಗಾಕ್ಕ ಕೊಕ್ಕಿ. "ರಾಜನ" ಅನ್ನಲಿಕ್ಕೆ "ಕಿಂಗ್ಸ್" ಅಂತ ಬರದು ಕೊಕ್ಕಿ ಹಾಕ್ತಾರಲ್ಲ, ಅಲ್ಲಿಯೂ ಹಿಂದಕ ಒಂದು "ಇ" ಅಕ್ಷರ ಇತ್ತು, ಬಿದ್ದುಹೋತು. ನಾವು "ಹೋಗುತ್ತೇನೆ" ಅನ್ನೋದನ್ನ "ಹೋಗ್ತೀನಿ" ಅಂದಂಗ. ನಮಗ ಕೊಕ್ಕಿ ಇಲ್ಲ ಅಷ್ಟ.

18ನೇ ಶತಮಾನಕ್ಕ ಬಂದ್ರ ಹವಾ ಬದಲಾಗ್ತದ. ಆಗ ವ್ಯಾಕರಣ ಪುಸ್ತಕಗಳ ಸುಗ್ಗಿ. 1762ರಾಗ ರಾಬರ್ಟ್ ಲೌತ್ ಅನ್ನೋ ಪಾದ್ರಿ ಒಂದು ಸಣ್ಣ ಇಂಗ್ಲಿಷ್ ವ್ಯಾಕರಣ ಬರದ. ವಿರಾಮಚಿಹ್ನಿಗೆ ಅಂವ ಕೊಟ್ಟ ಲೆಕ್ಕ ತಾಳದ ಲೆಕ್ಕ ಇದ್ದಂಗ ಅದ. ಕಾಮಾಕ್ಕ ಎಷ್ಟು ಹೊತ್ತೋ ಅದರ ಎರಡರಷ್ಟು ಸೆಮಿಕೋಲನ್ನಿಗೆ, ಅದರ ಎರಡರಷ್ಟು ಕೋಲನ್ನಿಗೆ, ಅದರ ಎರಡರಷ್ಟು ಪೂರ್ಣವಿರಾಮಕ್ಕ. ಒಂದು, ಎರಡು, ನಾಕು, ಎಂಟು ಮಾತ್ರೆ! ಇಲ್ಲೀತನಾ ಉಸಿರಿನ ಮಾತೇ ನಡದಿತ್ತು ನೋಡ್ರಿ. ಆದ್ರ ಅದ ಪುಸ್ತಕದಾಗ ಲೌತ್ ಶೇಕ್ಸ್‌ಪಿಯರ್, ಮಿಲ್ಟನ್, ಕಡೀಕ ಇಂಗ್ಲಿಷ್ ಬೈಬಲ್ಲಿನ್ಯಾಗೂ ವ್ಯಾಕರಣದ ತಪ್ಪು ಹುಡುಕಿ ತೋರಿಸ್ಯಾನ. ಅಷ್ಟು ದೊಡ್ಡವರ ಬರಹದಾಗ ತಪ್ಪು ಸಿಗ್ತದ ಅಂದ ಮ್ಯಾಲ, ತಪ್ಪು ಬರದವರದೋ ನಿಯಮದ್ದೋ ಅಂತ ಒಂದು ಗಳಿಗಿ ವಿಚಾರ ಮಾಡಬೇಕಲ್ರಿ?

ಹುಡುಗ್ರು ಭಾಷಾ ಕೆಡಸಾಕತ್ಯಾರ ಅನ್ನೋ ದೂರೂ ಹೊಸಾದಲ್ಲ. ಗಲಿವರನ ಪ್ರವಾಸದ ಕಥಿ ಬರದ ಜೊನಾಥನ್ ಸ್ವಿಫ್ಟ್ 1710ರಾಗ ಪತ್ರಿಕಾದಾಗ ಬರದ ಸಿಟ್ಟಿನ ಲೇಖನ ಅದ. "ಪಾಸಿಟಿವ್" ಅನ್ನೋದನ್ನ "ಪೋಜ್", "ರೆಪ್ಯುಟೇಶನ್" ಅನ್ನೋದನ್ನ "ರೆಪ್", "ಮೊಬೈಲ್" ಅನ್ನೋ ಲ್ಯಾಟಿನ್ ಶಬ್ದವನ್ನ "ಮಾಬ್" ಅಂತ ಕತ್ತರಿಸ್ತಾರ ಅಂತ ಅವನ ಸಂಕಟ. ಎರಡು ವರ್ಷದ ಮ್ಯಾಲ, 1712ರಾಗ, ಇಂಗ್ಲಿಷನ್ನ ತಿದ್ದಿ ಕಾಯಂ ನಿಲ್ಲಿಸಲಿಕ್ಕೆ ಪಂಡಿತರ ಸಭಾ ಬೇಕು ಅಂತ ಒಂದು ಪ್ರಸ್ತಾವನೂ ಬರದ. ಆ ಸಭಾ ಆಗಲೇ ಇಲ್ಲ. "ಪೋಜ್" ತಾನ ಸತ್ತಿತು. "ಮಾಬ್" ಉಳೀತು, ಇವತ್ತು ಇಂಗ್ಲಿಷ್ ಪೇಪರಿನ ತಲೆಬರಹದಾಗ ದಿನಾ ಸಿಗ್ತದ. 1755ರಾಗ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ದೊಡ್ಡ ನಿಘಂಟು ಮುಗಿಸಿದಾಗ ಮುನ್ನುಡಿಯೊಳಗ, ಭಾಷಾ ಕಟ್ಟಿ ನಿಲ್ಲಿಸಬಹುದು ಅಂತ ತಾನೂ ಆಸೆ ಮಾಡಿದ್ದೆ, ಅದು ಆಗೂ ಮಾತಲ್ಲ ಅಂತ ಖರೇ ಖರೇ ಹೇಳಿಬಿಟ್ಟ.

ಈಗ ಈ ಕಡೆ ಬರ್ರಿ. 2023ರಾಗ ಆಕ್ಸ್‌ಫರ್ಡಿನವರು ವರ್ಷದ ಶಬ್ದ ಅಂತ ಆರಿಸಿದ್ದು "ರಿಜ್". "ಕರಿಸ್ಮಾ" ಅನ್ನೋದರ ನಡುವಿನ ತುಂಡು. ಸ್ವಿಫ್ಟ್ ಇದ್ದಿದ್ರ "ಪೋಜ್" ಹೋಗಿ "ರಿಜ್" ಬಂತು ಅಂತ ಹಣಿ ಬಡಕೊತಿದ್ದ. ನಾವು ಭಾಜಿ ಮಾರಾವರ ಕೂಡನೂ ಆಡೋ "ಓಕೆ" ಹುಟ್ಟಿದ್ದು ಹುಡುಗಾಟಿಕಿಯಿಂದ. 1839ರ ಮಾರ್ಚ್ 23ಕ್ಕ ಅಮೆರಿಕಾದ ಬಾಸ್ಟನ್ ಊರಿನ ಒಂದು ಪತ್ರಿಕಾದಾಗ "ಆಲ್ ಕರೆಕ್ಟ್" ಅನ್ನೋದನ್ನ ಬೇಕಂತಲೇ ತಪ್ಪು ಅಕ್ಷರದಾಗ ಬರದು, ಅದರ ಮೊದಲಿನ ಎರಡಕ್ಷರ ಅಚ್ಚು ಹಾಕಿದ್ರು. ಆಗಿನ ತಮಾಷಿ ಈಗ ಜಗತ್ತಿನ ಮಾತು. ಇನ್ನ "ಓಎಂಜಿ" ಮೊಬೈಲ್ ಹುಡುಗ್ರದಂತ ತಿಳಕೊಂಡೀರೇನು? 1917ರಾಗ ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ಫಿಶರ್ ಅನ್ನೋ 76 ವರ್ಷದ ಅಜ್ಜ ವಿನ್‌ಸ್ಟನ್ ಚರ್ಚಿಲ್‌ಗ ಬರದ ಪತ್ರದಾಗ ಅದನ್ನ ಬಳಸ್ಯಾನ.

ಹಂಗಂತ ಚುಕ್ಕಿ, ಕಾಮಾ ಬೇಕಾದಂಗ ಒಗೀಬಹುದು ಅಂತ ನಾ ಹೇಳವಲ್ಲೆ. ಅದರ ಮ್ಯಾಲ ಮನಷ್ಯಾರ ಅನ್ನ ನಿಂತದ, ಜೀವಾನೂ ನಿಂತಿತ್ತು.

ಐರ್ಲೆಂಡಿನ ಸ್ವಾತಂತ್ರ್ಯಕ್ಕ ಹೊಡದಾಡಿದ ರೋಜರ್ ಕೇಸ್‌ಮೆಂಟ್ ಮ್ಯಾಲ 1916ರಾಗ ಲಂಡನ್ನಿನ್ಯಾಗ ರಾಜದ್ರೋಹದ ಖಟ್ಲೆ ನಡೀತು. ಅಂವ ಕೆಲಸ ಮಾಡಿದ್ದು ಜರ್ಮನಿಯೊಳಗ. ಕಾಯದೆ 1351ರದು, ಹಳೇ ಫ್ರೆಂಚ್ ಭಾಷಾದಾಗಿತ್ತು. ರಾಜ್ಯದ ಹೊರಗ ಮಾಡಿದ ಕೆಲಸಕ್ಕ ಆ ಕಾಯದೆ ಹತ್ತತದೋ ಇಲ್ಲೋ ಅನ್ನೋದು ವಾಕ್ಯವನ್ನ ಎಲ್ಲೆ ತುಂಡು ಮಾಡಿ ಓದ್ತೀರಿ ಅನ್ನೋದರ ಮ್ಯಾಲ ನಿಂತಿತ್ತು. ಅವನ ವಕೀಲ ಒಂದು ರೀತಿ ಓದಿದ, ನ್ಯಾಯಾಧೀಶರು ಇನ್ನೊಂದು ರೀತಿ ಓದಿದ್ರು. ಆಗಸ್ಟ್ 3ಕ್ಕ ಗಲ್ಲಿಗೇರಿಸಿದ್ರು. ಕಾಮಾದ ಮ್ಯಾಲ ಗಲ್ಲಿಗೆ ಹೋದಾಂವ ಅಂತ ಇವತ್ತಿಗೂ ಹೇಳ್ತಾರ.

ಇನ್ನೊಂದು ಹಾಲಿನ ಕಥಿ. ಅಮೆರಿಕಾದ ಮೇನ್ ರಾಜ್ಯದಾಗ ಓಕ್‌ಹರ್ಸ್ಟ್ ಡೇರಿಯ ಹಾಲಿನ ಗಾಡಿ ಡ್ರೈವರ್‌ಗಳು ಓವರ್‌ಟೈಮ್ ಪಗಾರ ಕೊಡ್ರಿ ಅಂತ ಕೋರ್ಟಿಗೆ ಹೋದ್ರು. ಯಾವ್ಯಾವ ಕೆಲಸಕ್ಕ ಓವರ್‌ಟೈಮ್ ಇಲ್ಲ ಅಂತ ಕಾಯದೆಯೊಳಗ ಒಂದು ಪಟ್ಟಿ ಇತ್ತು. ಕಡೀಕ "ಸಾಗಾಟಕ್ಕ ಅಥವಾ ಹಂಚಿಕಿಗೆ ಕಟ್ಟೂದು" ಅಂತ ಓದೂ ಹಂಗ ಇಂಗ್ಲಿಷಿನ್ಯಾಗ ಬರದಿದ್ರು, "ಅಥವಾ"ದ ಮುಂದ ಕಾಮಾ ಇದ್ದಿಲ್ಲ. ಹಂಚೂದು ಒಂದು ಬ್ಯಾರೇ ಕೆಲಸೋ, ಹಂಚಲಿಕ್ಕೆ ಕಟ್ಟೂದಷ್ಟ ಕೆಲಸೋ? ಡ್ರೈವರ್‌ಗಳು ಹಂಚ್ತಾರ, ಕಟ್ಟೂದಿಲ್ಲ. 2017ರಾಗ ಮೇಲ್ಮನವಿ ಕೋರ್ಟು ಅರ್ಥ ಸ್ಪಷ್ಟ ಇಲ್ಲ ಅಂತ ಡ್ರೈವರ್‌ಗಳ ಕಡೆ ಹೇಳ್ತು. ಮರುವರ್ಷ 50 ಲಕ್ಷ ಡಾಲರಿಗೆ ರಾಜಿ ಆತು. ಒಂದು ಕಾಮಾ ಇದ್ದಿದ್ರ ಆ ರೊಕ್ಕ ಅವರಿಗೆ ಸಿಗೂದು ಕಷ್ಟಿತ್ತು.

ಮೊಬೈಲಿನ್ಯಾಗಂತೂ ಚುಕ್ಕಿ ತಿರಗಿ ಧ್ವನಿಯ ಕೆಲಸಕ್ಕ ಬಂದದ. ನಾ ನನ್ನ ಮಗಳಿಗೆ "ಓಕೆ" ಅಂತ ಇಂಗ್ಲಿಷಿನ್ಯಾಗ ಬರದು ಚುಕ್ಕಿ ಇಟ್ರ, "ಯಾಕಮ್ಮ, ಸಿಟ್ಟಾಗೀಯೇನು?" ಅಂತ ಫೋನ್ ಬರ್ತದ. ನಮ್ಮ ಶಾಲ್ಯಾಗ ಚುಕ್ಕಿ ಇಡಲಿಲ್ಲಂದ್ರ ಛಡಿ ಏಟು, ಈಗ ಇಟ್ರ ಸಿಟ್ಟು! ಇದು ಬರೇ ನಮ್ಮ ಮನಿ ಮಾತಲ್ಲ. 2015ರಾಗ ಅಮೆರಿಕಾದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದವರು 126 ವಿದ್ಯಾರ್ಥಿಗಳಿಗೆ ಒಂದ ಶಬ್ದದ ಉತ್ತರ ತೋರಿಸಿ ಕೇಳಿದ್ರು. ಮೆಸೇಜಿನ್ಯಾಗ ಚುಕ್ಕಿ ಇದ್ದ ಉತ್ತರ ಮನಸಿನಿಂದ ಬಂದದ್ದಲ್ಲ ಅನ್ನಿಸ್ತಂತ. ಅದ ಉತ್ತರ ಕೈಲೆ ಬರದ ಚೀಟಿಯೊಳಗಿದ್ರ ಏನೂ ಫರಕಿಲ್ಲ. ಯಾಕಂದ್ರ ಮೆಸೇಜ್ ಅನ್ನೋದು ಬರಹದ ವೇಷದಾಗಿನ ಮಾತು. ಮಾತು ಮುಗಿದದ್ದು ಅಲ್ಲೆ ಚುಕ್ಕಿ ಇಲ್ಲದನ ತಿಳೀತದ. ಮ್ಯಾಲ ಚುಕ್ಕಿ ಇಟ್ರ, ಬಾಗಲಾ ಧಡ್ ಅಂತ ಹಾಕಿದಂಗ ಕೇಳಸ್ತದ.

ಈಗ ಮದಲಿನ ಪ್ರಶ್ನಿಗೆ ಬರ್ತೀನಿ, ನಮಗ್ಯಾಕ ಇದು? ಶಾಲಿ ಪಾಲಕರ ಸಭೆಯೊಳಗ ನೋಡ್ರಿ. ಮಗುವಿನ ಬಗ್ಗೆ ಎಲ್ಲಾಕ್ಕಿಂತ ಹೆಚ್ಚು ಗೊತ್ತಿರೋ ತಾಯಂದಿರು ಹಿಂದಿನ ಸಾಲಿನ್ಯಾಗ ಬಾಯಿ ಮುಚ್ಚಿಕೊಂಡು ಕೂತಿರ್ತಾರ. ಇಂಗ್ಲಿಷ್ ತಪ್ಪಾದ್ರ ನಗ್ತಾರಂತ ಅಂಜಿಕಿ. ಬ್ಯಾಂಕಿನ್ಯಾಗ, ದವಾಖಾನ್ಯಾಗ ಅದ ಕಥಿ. ಎಷ್ಟು ಪ್ರಶ್ನಿ ಕೇಳದ ಉಳದ್ವು, ಎಷ್ಟು ಕಾಗದಕ್ಕ ತಿಳೀದ ಸಹಿ ಆತು, ಲೆಕ್ಕಿಲ್ಲ. ಯಾವ ಭಾಷಾಕ್ಕ ನಾವು ಹಿಂಗ ಅಂಜತೀವೋ ಆ ಭಾಷಾದವರಿಗೇ ಒಂದು ಕಾಲಕ್ಕ ತತ್ತಿಗೆ ಏನನ್ನಬೇಕು ಅಂತ ಒಮ್ಮತ ಇದ್ದಿಲ್ಲ. ಅವರ ಪುಟದಾಗಿನ ಜಾಗಾ ಪರಭಾಷಾ ಕಲ್ಯಾವರು ಕೊಟ್ಟದ್ದು. ಅವರ ಚುಕ್ಕಿ ಗ್ರೀಕರದು, ಸೆಮಿಕೋಲನ್ ಇಟಲಿಯದು, ಕೊಕ್ಕಿ ಫ್ರಾನ್ಸಿನದು.

ನಾ ಬರೀಬೇಕಾದ್ರ ಈಗ ಎರಡ ಕೆಲಸ ಮಾಡ್ತೀನಿ. ಬರದದ್ದನ್ನ ಒಮ್ಮೆ ಗಟ್ಟಿಯಾಗಿ ಓದ್ತೀನಿ, ಉಸಿರು ನಿಂತಲ್ಲೆ ಕಾಮಾ ಇಡ್ತೀನಿ. ಆಮ್ಯಾಲ ಆ ಹಾಲಿನ ಗಾಡಿಯವರನ್ನ ನೆನಸಿಕೊಂಡು, ಇದಕ್ಕ ಇನ್ನೊಂದು ಅರ್ಥ ಬರ್ತದೇನು ಅಂತ ನೋಡ್ತೀನಿ. ಎರಡೂ ಸರಿ ಇದ್ರ ಕಳಸೂದ. ಸಭೆಯೊಳಗೂ ಹಂಗ. ಕನ್ನಡದಾಗ ಸುರು ಮಾಡಿ, ನಡುವ ಬಂದಷ್ಟು ಇಂಗ್ಲಿಷ್ ಸೇರಿಸಿ, ಕೇಳಬೇಕಾದ್ದನ್ನ ಕೇಳೇ ಕೇಳ್ತೀನಿ. ನೀವೂ ಕೇಳ್ರಿ, ಅಕ್ಕಾವ್ರೆ. ನಗಾವರು ನಗಲಿ, ನಮಗ ಉತ್ತರ ಸಿಕ್ರ ಸಾಕು.